ಜಗಲಿಯ ಮೇಲಿನ ಪಾವಣೇರು

ಇದರಲ್ಲಿ ಒಂದೆರಡು ಸಂಗತಿ ನಾನೇ ಸೇರಿಸಿಕೊಂಡವು ಇರಬಹುದು. ಗಂಗವ್ವನ ಸೀರೆ ಹಸಿರು ಎಂದು ನನ್ನ ನೆನಪು ಹೇಳುತ್ತದೆ. ಆಕೆ ದೊಡವಾಡ ಬಿಟ್ಟಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ ಎನ್ನುತ್ತಾಳೆ ನನ್ನ ತಾಯಿ. ಹಾಗಾದರೆ ಆ ಹಸಿರು ಎಲ್ಲಿಂದ ಬಂತು? ಗೊತ್ತಿಲ್ಲ. ಇವತ್ತು ಬೆಳಗ್ಗೆ ತಾಮ್ರದ ತಂಬಿಗೆಗೆ ಹುಣಸೆಹಣ್ಣು ತಿಕ್ಕುವಾಗ ಬೆರಳಿಗೆ ಹತ್ತಿದ ಹುಳಿವಾಸನೆ ಮಾತ್ರ ಸುಳ್ಳಲ್ಲ. ಅದು ಆಯಿಯ ದೇವರ ಜಗಲಿಯ ವಾಸನೆ.

ಆಯಿ ಎಂದರೆ ನನ್ನ ತಾಯಿಯ ತಾಯಿ. ದೊಡವಾಡದಲ್ಲಿ ಗಂಗವ್ವ ಆಕೆಯ ಪಕ್ಕದ ಮನೆಯವಳು. ಮಗಳ ಬಾಣಂತನಕ್ಕೆಂದು ರಾಮದುರ್ಗದ ಕಡೆಯ ಸಾಲಹಳ್ಳಿಗೆ ಹೊರಟಾಗ, ತನ್ನ ಮನೆಯ ಪುಟ್ಟ ತಾಮ್ರದ ಎಲ್ಲಮ್ಮನನ್ನು ಸೆರಗಿನಲ್ಲಿ ಸುತ್ತಿ ತಂದು ಆಯಿಯ ಕೈಗಿಟ್ಟಳಂತೆ. "ನಾ ಬರೂತನಕಾ ಇಕಿಗೊಂದ ತುತ್ತ ತೋರಸ ಯಕ್ಕಾ. ಉಪಾಸ ಕೆಡವಬ್ಯಾಡ." ಬಾಣಂತನ ಮುಗಿಯಿತು, ಮೊಮ್ಮಗಳು ಬೆಳೆದಳು, ಗಂಗವ್ವ ಅಲ್ಲೇ ಉಳಿದಳು. ದೇವರನ್ನು ಕಳಿಸಿಕೊಡಲೇ ಎಂದು ಆಯಿ ಹೇಳಿಕಳಿಸಿದಾಗಲೆಲ್ಲ ಒಂದೇ ಉತ್ತರ: "ನಾನ ಬಂದ ಒಯ್ತೇನಿ." ಒಯ್ಯಲು ಬರುವ ಮೊದಲೇ ಗಂಗವ್ವ ತೀರಿಕೊಂಡಳು.

ಎಲ್ಲಮ್ಮ ನಮ್ಮಲ್ಲಿ ಉಳಿದದ್ದು ಮನೆಯವಳಾಗಿ ಅಲ್ಲ, ಪಾವಣೇರಾಗಿ. ನಮ್ಮ ಕಡೆ ಮನೆಗೆ ಬಂದ ನೆಂಟರನ್ನು ಹಾಗೆನ್ನುತ್ತೇವೆ. ಅವರಿಗೆ ಬಡಿಸದೆ ಮನೆಯವರು ಉಣ್ಣುವಂತಿಲ್ಲ. ಈ ಪದ್ಧತಿಯನ್ನು ಆಯಿ ಜಗಲಿಯ ಮೇಲೂ ನಡೆಸಿದಳು. ಮೊದಲ ಎಡೆ ಎಲ್ಲಮ್ಮನಿಗೆ, ನಮ್ಮ ವೀರಭದ್ರನಿಗೆ ಆಮೇಲೆ. ಇನ್ನೊಂದು ಕಟ್ಟಳೆಯೂ ಇತ್ತು. ನಾನೊಮ್ಮೆ ಎಲ್ಲಮ್ಮನ ಮುಂದೆ ಕಣ್ಣು ಮುಚ್ಚಿ, ಗಣಿತದಲ್ಲಿ ಪಾಸು ಮಾಡವ್ವಾ ಎಂದು ಜೋರಾಗಿ ಬೇಡಿಕೊಂಡಾಗ ಆಯಿ ಅಡುಗೆಮನೆಯಿಂದಲೇ ಗದರಿದಳು: "ಏ ಹುಡುಗಿ, ಪಾವಣೇರ ಕಡೆ ಬೇಡತಾರೇನ? ನಾಚಿಕಿ ಇಲ್ಲ ನಿನಗ? ಬೇಡೂದಿದ್ರ ವೀರಭದ್ರನ್ನ ಬೇಡ. ಅವ ಮನ್ಯಾಂವ."

ಗಣಿತ ವೀರಭದ್ರನಿಗೂ ಕಷ್ಟವಾಯಿತು, ಅದು ಬೇರೆ ಮಾತು.

ಮುಂದೆ ನನ್ನ ಮಾವನ ಮದುವೆಯಾಗಿ ಹೂಲಿಯಿಂದ ನೀಲತ್ತೆ ಸೊಸೆಯಾಗಿ ಬಂದಳು. ಆಯಿ ಎಲ್ಲಮ್ಮನನ್ನು ಅವಳಿಗೆ ಒಪ್ಪಿಸಿದಳು: "ನೀನೂ ಹೊಸಾಕಿ, ಆಕೀನೂ ಹೊರಗಿನಾಕಿ. ಇಬ್ಬರೂ ಹೊಂದಿಕೊಂಡ ಇರ್ರಿ." ಆಯಿ ನಗೆಗೆ ಅಂದಳೋ ಏನೋ, ಅತ್ತೆ ಅದನ್ನು ಹಾಗೇ ನಡೆಸಿದಳು. ಅತ್ತೆಗೆ ಮಕ್ಕಳಾಗಲಿಲ್ಲ. ವೀರಭದ್ರನನ್ನು ಬೇಡಿದಳು, ಸವದತ್ತಿಯ ಗುಡ್ಡ ಹತ್ತಿ ಅಲ್ಲಿಯ ಎಲ್ಲಮ್ಮನನ್ನೂ ಬೇಡಿದಳು. ಮನೆಯಲ್ಲಿದ್ದ ಎಲ್ಲಮ್ಮನನ್ನು ಮಾತ್ರ ಕೇಳಲಿಲ್ಲ. "ಬೇಡಿ ಬೇಡಿ ಬಾಯಿ ಸೋತಾಗ ಆಕಿ ಮುಂದ ಸುಮ್ನ ಕುಂದರತಿದ್ನಿ," ಎಂದು ಒಮ್ಮೆ ನನಗೆ ಹೇಳಿದ್ದಳು. "ನಾನೂ ಏನೂ ಕೇಳತಿದ್ದಿಲ್ಲ, ಆಕೀನೂ ಏನೂ ಕೇಳತಿದ್ದಿಲ್ಲ. ಅಷ್ಟ ಸಾಕಾಗತಿತ್ತು."

ವಿಶ್ವವಿದ್ಯಾಲಯಕ್ಕೆ ಹೋಗಿ ನಾನು ಕೈಮುಗಿಯುವುದನ್ನು ಬಿಟ್ಟೆ. ಆದರೂ ಉಣ್ಣುವ ಮೊದಲು ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ, ಯಾರೋ ಮೊದಲು ಉಣ್ಣಲಿ ಎಂಬಂತೆ. ಇದು ಭಕ್ತಿಯೋ ರೂಢಿಯೋ ನನಗೆ ತಿಳಿಯದು. ಪಕ್ಕದ ಮನೆಯವಳಿಗೆ ಆಯಿ ಕೊಟ್ಟ ಮಾತು ನನ್ನ ತಟ್ಟೆಯವರೆಗೂ ಬಂದಿದೆ ಎಂದು ಮಾತ್ರ ಬಲ್ಲೆ.

ಆಯಿ ಈಗಿಲ್ಲ. ಹೋದ ತಿಂಗಳು ನಾನು ದೊಡವಾಡದಲ್ಲಿದ್ದಾಗ ಗಂಗವ್ವನ ಆ ಮೊಮ್ಮಗಳೇ ಬಂದಳು. "ಹೊಸ ಮನಿ ಕಟ್ಟೇವ್ರಿ. ನಮ್ಮ ಆಯಿ ದೇವರ ಒಯ್ಯಾಕ ಬಂದೇನ್ರಿ."

ಎಲ್ಲಮ್ಮನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಅಯ್ಯ, ಇದಕ್ಕ ಮಾರೀನ ಇಲ್ಲಲ್ರಿ!"

ನಿಜವೇ. ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಕಣ್ಣು, ಮೂಗು ಎಲ್ಲ ಸವೆದು ಮುಖವೇ ನುಣ್ಣಗಾಗಿತ್ತು. ದಿನಾ ನೋಡುವ ನಮಗೆ ಅದು ಕಂಡೇ ಇರಲಿಲ್ಲ.

"ದಿನಾ ಮಾರಿ ತೊಳದೇವಲ್ಲವಾ," ಎಂದಳು ಅತ್ತೆ, ಸಂಕೋಚದಿಂದ.

"ನಮ್ಮ ಮನ್ಯಾಗ ಇದ್ದವರದ ಎಲ್ಲಾರ ಮಾರೀನೂ ಸವದಾವ," ಎಂದು ಮಾವ ನಕ್ಕ. ಆಮೇಲೆ ಅವನ ದನಿ ಇಳಿಯಿತು. "ಇಷ್ಟ ವರ್ಷ ಉಣಿಸೇವಿ. ಈಗ ನಮ್ಮಾಕಿನ ಆದಳಲ್ಲ?"

"ಉಣಿಸಿದ್ರ ನಮ್ಮಾಕಿ ಆಗತಾಳೇನ?" ಎಂದಳು ಅತ್ತೆ. "ಪಾವಣೇರ ಒಂದಿನ ಹೊಂಡವರ."

ತವರಿನಿಂದ ಹೊರಟ ಹೆಣ್ಣುಮಗಳಿಗೆ ಮಾಡುವಂತೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಕುಪ್ಪಸದ ಕಣದಲ್ಲಿ ಅಕ್ಕಿ, ಕೊಬ್ಬರಿ ಇಟ್ಟು ಅತ್ತೆ ಎಲ್ಲಮ್ಮನಿಗೆ ಉಡಿ ತುಂಬಿದಳು. ಹೊಸ್ತಿಲಲ್ಲಿ, ಕೊಡುವ ಮುನ್ನ, ಮೂರ್ತಿಯನ್ನು ಬಾಯಿಯ ಹತ್ತಿರ ತಂದು ಏನೋ ಅಂದಳು. ಒಂದೆರಡು ಮಾತು, ಹೆಚ್ಚಿಲ್ಲ. ತುಟಿ ಅಲುಗಿದ್ದನ್ನು ನಾನು ಕಂಡೆ. ಕಂಡೆನೆಂದೇ ನನ್ನ ನಂಬಿಕೆ.

ಮರುದಿನ ಅತ್ತೆಯ ಎಡೆ ಹಿಡಿದ ಕೈ ಜಗಲಿಯ ಆ ಖಾಲಿ ಜಾಗದ ಮೇಲೆ ತುಸು ನಿಂತು, ಆಮೇಲೆ ವೀರಭದ್ರನತ್ತ ಹೋಯಿತು.

ಇವತ್ತು ತಂಬಿಗೆಯನ್ನು, ಅದಕ್ಕೂ ಕಣ್ಣು ಮೂಗು ಇರುವಂತೆ, ಮೆಲ್ಲಗೆ ತಿಕ್ಕಿದೆ. ಕೈ ಒರೆಸಿಕೊಂಡು ಅತ್ತೆಗೆ ಫೋನು ಮಾಡಿದೆ. ಆ ಕಡೆ ರೊಟ್ಟಿ ಬಡಿಯುವ ಸದ್ದು. ನಾನು ಕೇಳಿದೊಡನೆ ಅದು ನಿಂತಿತು.

"ಅತ್ತಿ, ಅವತ್ತ ಹೊಸ್ತಿಲದಾಗ ಆಕಿಗೆ ಏನಂದ್ರಿ? ಹೊಂಟ ಮ್ಯಾಲೆ ಆಕಿ ಪಾವಣೇರಲ್ಲಂತ, ಏನರ ಬೇಡಿಕೊಂಡ್ರೇನ?"