ಇದ್ದೂ ಕಾಣದ ಡಿಸ್ಕು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಆಕೆ ಬಣ್ಣ ಬಳಿಯುವ ಬ್ರಷ್ಷಿನಿಂದ ಹಳೆಯ ಕಂಪ್ಯೂಟರೊಂದರ ಹೊಟ್ಟೆಯ ಧೂಳು ತೆಗೆಯುತ್ತಿದ್ದಾರೆ. ಫ್ಯಾನಿಗೆ ಸುತ್ತಿಕೊಂಡಿದ್ದ ಉದ್ದನೆಯ ನರೆಗೂದಲೊಂದು ಬ್ರಷ್ಷಿಗೆ ಅಂಟಿ ಬರುತ್ತದೆ. ಅದನ್ನು ತಂದು ಎದುರಿನ ಸ್ಟೂಲಿನಲ್ಲಿ ಕೂತ ಮುದುಕರ ತಲೆ ನುಣ್ಣಗೆ ಬೋಳು. ಆಕೆ ಕೂದಲನ್ನು ಊದಿ ಹಾರಿಸುವುದಿಲ್ಲ. ಚೀಟಿಯಲ್ಲಿ ಮಡಚಿ ಅವರ ಕೈಗಿಡುತ್ತಾರೆ. ಅವರು ಜೇಬಿಗೆ ಸೇರಿಸುತ್ತಾರೆ.

ಬೀದಿಯವರ ಬಾಯಲ್ಲಿ ಆಕೆ ಡಿಸ್ಕಮ್ಮ. ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಲು ಹೋದಾಗ ‘ಡ್ರೈವ್ ಸಿಗಲಿಲ್ಲ’, ಅಂದರೆ ಒಳಗಿನ ಡಿಸ್ಕೇ ಕಾಣುತ್ತಿಲ್ಲ, ಎಂದು ಹಟ ಹಿಡಿಯುವ ಯಂತ್ರಗಳು ಊರೆಲ್ಲ ಸುತ್ತಿ ಕೊನೆಗೆ ಬರುವುದು ಇವರ ಮೇಜಿಗೇ. ದಿನಕ್ಕೆ ನಾಲ್ಕೈದು. ಇವತ್ತು ಯಾವ ದೆವ್ವ ಬಿಡಿಸ್ತಿದ್ದೀ ಅಕ್ಕಾ ಎಂದು ಮೇಲಿನ ಮಹಡಿಯ ದರ್ಜಿ ದಿನಾ ರೇಗಿಸುತ್ತಾನೆ. “ದೆವ್ವ ನೀನೇ ಕಣೋ, ಬೆಳಕಿಗೆ ಅಡ್ಡ ನಿಲ್ಲಬೇಡ” ಎಂದು ಆಕೆ ತಲೆಯೆತ್ತದೆ ಹೇಳುತ್ತಾರೆ.

ಆಕೆಯ ಓದು ಏಳನೇ ಕ್ಲಾಸಿಗೇ ನಿಂತಿತು. ಸೋದರಮಾವನ ಈ ಅಂಗಡಿಗೆ ಕಸ ಗುಡಿಸಲು ಬಂದವರು, ನೋಡಿ ನೋಡಿಯೇ ಕೆಲಸ ಕಲಿತರು. ಮೊದಲ ವರ್ಷವೇ ಒಂದು ತಪ್ಪಾಯಿತು. ಕಾಣದ ಡಿಸ್ಕೊಂದರ ಗುರುತು ಯಂತ್ರಕ್ಕೆ ಸಿಗಲೆಂದು ಪೆನ್‌ಡ್ರೈವಿನಿಂದ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿದರು. ಡಿಸ್ಕು ಬಂತು, ಆದರೆ ಪರದೆಯಲ್ಲಿ ಡಿಸ್ಕುಗಳ ಪಟ್ಟಿಯ ಅಂಕಿಗಳು ಅದಲುಬದಲಾದವು. ಅಳಿಸಬೇಕಿದ್ದ ಸೊನ್ನೆ ನಂಬರಿನ ಡಿಸ್ಕು ಒಂದಾಗಿತ್ತು, ಹೊಸದಾಗಿ ಕಂಡದ್ದು ಸೊನ್ನೆಯಾಗಿತ್ತು. ಆಕೆ ಅಭ್ಯಾಸಬಲದಿಂದ ಸೊನ್ನೆಯನ್ನೇ ಅಳಿಸಿದರು. ಒಬ್ಬ ತಾಯಿಯ ಬಳಿ ಇದ್ದ ಮಗುವಿನ ಫೋಟೊಗಳೆಲ್ಲ ಹೋದವು. ಮಗು ಅದಕ್ಕೂ ಮೊದಲೇ ಹೋಗಿತ್ತು.

“ಆಯಮ್ಮ ಬೈಲಿಲ್ಲ. ಬೈದಿದ್ರೆ ಇಷ್ಟೊತ್ತಿಗೆ ಮರ್ತಿರ್ತಿದ್ದೆ” ಎನ್ನುತ್ತಾರೆ ಆಕೆ.

ಹತ್ತೊಂಬತ್ತು ವರ್ಷಗಳಿಂದ ಅವರದು ಒಂದೇ ಪದ್ಧತಿ. ಮೊದಲು ಡಿಸ್ಕು ಕಾಣಬೇಕು, ಆಮೇಲೆ ನಕಲು, ಹೊಸ ಸಿಸ್ಟಂ ಆಮೇಲಷ್ಟೇ. ಪಟ್ಟಿಯಲ್ಲಿ ಬಂದದ್ದನ್ನು ಯಂತ್ರದ ಒಡೆಯರಿಂದಲೇ ಗಟ್ಟಿಯಾಗಿ ಓದಿಸುತ್ತಾರೆ.

ಮುದುಕರ ಹೆಂಡತಿಗೆ ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ದನಿ ಹೋಗುವ ಮುಂಚೆ ದಿನಾ ಈ ಕಂಪ್ಯೂಟರಿನ ಮುಂದೆ ಕೂತು ಮಾತಾಡಿ, ರೆಕಾರ್ಡು ಮಾಡಿ ಉಳಿಸಿಟ್ಟರು. ಈಗ ಅವರಿಲ್ಲ. ಡಿಸ್ಕು ಸತ್ತಿದೆ, ಎಸೆಯಿರಿ ಎಂದು ಬೇರೆ ಅಂಗಡಿಯವರು ಹೇಳಿ ಕಳಿಸಿದ್ದಾರೆ.

ಡಿಸ್ಕಮ್ಮ ಯಂತ್ರ ಚಾಲೂ ಮಾಡಿ ಡಬ್ಬಕ್ಕೆ ಕಿವಿಯಿಡುತ್ತಾರೆ. ಒಳಗೆ ಡಿಸ್ಕು ನಿದ್ದೆ ಹೋದವರ ಉಸಿರಿನಂತೆ ಒಂದೇ ಸಮ ತಿರುಗುತ್ತಿದೆ. ಪರದೆ ಮಾತ್ರ ಇಲ್ಲಿ ಏನೂ ಇಲ್ಲ ಎನ್ನುತ್ತದೆ.

“ಕಾಣದೇ ಇದ್ದದ್ದೇ ಒಳ್ಳೇದಾಯ್ತು ಯಜಮಾನ್ರೇ. ಕಂಡಿದ್ರೆ ಅವ್ರು ಅಳಿಸಿ ಹೊಸದು ಹಾಕ್ಬಿಡ್ತಿದ್ರು.”

ಡ್ರೈವರ್ ಹಾಕುತ್ತಾರೆ. ಖಾಲಿ ಪಟ್ಟಿಯಲ್ಲಿ ಒಂದು ಸಾಲು ಮೂಡುತ್ತದೆ. ಮುದುಕರು ಬೆರಳಿಟ್ಟು ಓದುತ್ತಾರೆ. ಆಕೆ ಅಲ್ಲಿಗೇ ನಿಲ್ಲಿಸಿ, ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ ನಕಲಿಗೆ ಹಾಕುತ್ತಾರೆ. ಕಾಯುವಾಗ ಆಸೆಯೊಂದನ್ನು ಹೇಳಿಕೊಳ್ಳುತ್ತಾರೆ: ಅಂಗಡಿಗೆ ಬೋರ್ಡಿಲ್ಲ, ಒಂದು ಬರೆಸಬೇಕು. ಹೆಸರು ಬೇಡ. ‘ಅಳಿಸುವ ಮುಂಚೆ ತನ್ನಿ’ ಅಂತಿದ್ದರೆ ಸಾಕು.

ನಕಲು ಮುಗಿಯುತ್ತದೆ. ಸರಿಯಾಗಿದೆಯೇ ನೋಡಲು ಒಂದು ಫೈಲು ತೆರೆಯುತ್ತಾರೆ. ಮೊದಲು ಕುರ್ಚಿ ಕಿರುಗುಟ್ಟುವ ಸದ್ದು. ಆಮೇಲೆ ಒಡಕು ದನಿ, ಪಕ್ಕದಲ್ಲೇ ಯಾರೋ ಕೂತಷ್ಟು ಹತ್ತಿರ. ಮೆಟ್ಟಿಲಿಳಿಯುತ್ತಿದ್ದ ದರ್ಜಿ ಅಲ್ಲೇ ನಿಲ್ಲುತ್ತಾನೆ.

“ರೀ, ಅಲ್ಲೇ ಇದ್ದೀರಲ್ಲ, ಸ್ವಲ್ಪ ನೀರು ಕೊಡಿ.”

ಮುದುಕರು ಅರ್ಧ ಎದ್ದವರು ಹಾಗೇ ನಿಂತಿದ್ದಾರೆ. ದನಿ ತುಸು ಕಾದು ಮತ್ತೆ ಕೇಳುತ್ತದೆ.

“ರೀ, ನೀರು.”