ಹುಣ್ಣು ಆಗಲಿ, ಮುಟ್ಟಬೇಡಿ

ವಿನಾಯಕನನ್ನು ನಂಬಿದ ಎಲ್ಲ ಹಿರಿಯ ಕಿರಿಯರಿಗೆ ಕುಂದಾಪುರದಿಂದ ನಮಸ್ಕಾರ. ನಾನು ಮೂವತ್ತೈದು ವರ್ಷ ಆರೋಗ್ಯ ಇಲಾಖೆಯಲ್ಲಿ ದಾದಿಯಾಗಿದ್ದವಳು. ಕಂಡದ್ದನ್ನು ಕಂಡ ಹಾಗೆ, ತಾರೀಖು ಸಮೇತ ಬರೆದಿಟ್ಟು ಅಭ್ಯಾಸ. ಇದನ್ನೂ ಹಾಗೇ ಬರೆಯುತ್ತೇನೆ.

೨೦೦೯ರ ಜೂನ್ ಮೊದಲ ವಾರ ಮೂತ್ರದಲ್ಲಿ ರಕ್ತ ಬಂತು. ನೋವಿರಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ನೋವಿಲ್ಲದೆ ರಕ್ತ ಬಂದರೆ ಏನೆಂದು ನನಗೆ ಗೊತ್ತು. ಮರುದಿನವೇ ಏಳು ಗಂಟೆಯ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋದೆ. ಮೂತ್ರಕೋಶದಲ್ಲಿ ಕ್ಯಾನ್ಸರ್. ಜುಲೈಯಲ್ಲಿ ನಳಿಗೆ ಹಾಕಿ ಗಡ್ಡೆ ಕೆರೆದು ತೆಗೆದರು. ಆದರೆ ಬೇರು ಒಳಪದರದಲ್ಲಿ ಉಳಿದಿರಬಹುದು, ಕೆಟ್ಟ ಜಾತಿಯದು ಎಂದರು. ಇನ್ನೊಂದು ಔಷಧಿ ಇದೆ, ಅದೂ ಸೋತರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟಬೇಕು.

ಆ ಔಷಧಿಯ ಹೆಸರು ಕೇಳಿ ನಕ್ಕುಬಿಟ್ಟೆ. ಬಿಸಿಜಿ. ಹುಟ್ಟಿದ ಮಕ್ಕಳ ಎಡತೋಳಿಗೆ ಚುಚ್ಚುವ ಕ್ಷಯದ ಲಸಿಕೆ. ಗಂಗೊಳ್ಳಿಯಲ್ಲೂ ಬೈಂದೂರಲ್ಲೂ ಪ್ರತಿ ಗುರುವಾರ ನಾನೇ ಚುಚ್ಚುತ್ತಿದ್ದದ್ದು.

ಡಾಕ್ಟರು ಕೋಟದ ಕಡೆಯವರು, ಬಿಡಿಸಿ ಹೇಳಿದರು. ಆ ಕ್ರಿಮಿ ತಾನೇ ಕ್ಯಾನ್ಸರನ್ನು ಮುಗಿಸುವುದಿಲ್ಲವಂತೆ. ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಗಲಾಟೆ ಎಬ್ಬಿಸುತ್ತದೆ. ಕಾವಲಿನ ಬಿಳಿ ರಕ್ತಕಣಗಳು ಓಡಿ ಬಂದು ಸೈಟೊಕೈನ್ ಎಂಬ ಸಂದೇಶದ ರಸ ಬಿಡುತ್ತವೆ. ಅದು ಮುಟ್ಟಿದಲ್ಲೆಲ್ಲ ಇನ್ನಷ್ಟು ಕಣಗಳು ಎದ್ದು ಬರುತ್ತವೆ, ಕೊಲ್ಲುವ ಕಣಗಳೂ ಬರುತ್ತವೆ. ಅಷ್ಟು ದಿನ ಕಣ್ಣು ತಪ್ಪಿಸಿ ಕೂತಿದ್ದ ಕ್ಯಾನ್ಸರ್ ಅವುಗಳ ಕೈಗೆ ಸಿಗುತ್ತದೆ.

"ಬಲೆ ಭಾರ ಆದಾಗ ದಡದಲ್ಲಿ ಒಬ್ಬ ಹ್ವಾಯ್ ಅಂತ ಕೂಗ್ತಾನಲ್ಲ, ಊರೇ ಓಡಿ ಬರ್ತದಲ್ಲ, ಸೈಟೊಕೈನ್ ಅಂದ್ರೆ ಆ ಕೂಗು ಅಮ್ಮ," ಎಂದರು. "ಜ್ವರ, ನಡುಕ ಬಂದ್ರೆ ಆ ಕೂಗು ಜೋರಾಗಿದೆ ಅಂತ. ಎರಡು ದಿನಕ್ಕೂ ಇಳಿಯದಿದ್ರೆ ಮಾತ್ರ ನಂಗೆ ಕೂಡ್ಲೇ ಹೇಳ್ಬೇಕು."

ವಾರಕ್ಕೊಮ್ಮೆಯಂತೆ ಆರು ಸಲ. ದಿನ ಗುರುವಾರವೇ ಬಂತು. ನಳಿಗೆಯಿಂದ ಒಳಗೆ ಬಿಟ್ಟ ಮೇಲೆ ಎರಡು ಗಂಟೆ ಮೂತ್ರ ತಡೆದು, ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಗಡಿಯಾರ ನೋಡಿಯೇ ಹೊರಳುತ್ತಿದ್ದೆ. ಮನೆಗೆ ಬಂದರೆ, ಮೂತ್ರದಲ್ಲಿ ಹೊರಬರುವ ಕ್ರಿಮಿ ಸಾಯಲೆಂದು ಬಚ್ಚಲಿಗೆ ಬ್ಲೀಚಿಂಗ್ ಪುಡಿ. ಎರಡು ಗುರುವಾರ ಹೀಗೇ ಕ್ರಮವಾಗಿ ಕಳೆಯಿತು.

ಮೂರನೆಯದಕ್ಕೆ ಕ್ರಮ ಒಡೆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಕ ಹಿಡಿಯಿತು. ಹಲ್ಲಿಗೆ ಹಲ್ಲು ಬಡಿದು ನಾಲಿಗೆ ಸೀಳಿತು, ಬಾಯಿ ತುಂಬ ರಕ್ತ. ಕಬ್ಬಿಣದ ಮಂಚ ನನ್ನ ಸಮೇತ ಗೋಡೆಗೆ ಬಡಿಯುತ್ತಿತ್ತು. ನಿಮಿಷಕ್ಕೊಮ್ಮೆ ಬಚ್ಚಲು, ಪ್ರತಿ ಹನಿಯೂ ಗಾಜಿನ ಚೂರು, ಪ್ರತಿ ಹನಿಯೂ ಕೆಂಪು. ಹಿಡಿದುಕೊಳ್ಳಲು ಬಂದ ನಮ್ಮವರ ಎದೆಗೆ ಒದ್ದೆ. ನಲವತ್ತು ವರ್ಷದಲ್ಲಿ ಅವರಿಗೆ ಏರುದನಿಯಲ್ಲಿ ಮಾತಾಡಿದವಳಲ್ಲ ನಾನು. ಅವರು ಬಾಗಿಲ ತನಕ ಹಾರಿ ಬಿದ್ದರು. ದೇವರ ಗೂಡಿನ ಗಂಟೆ ಕೈಗೆ ಸಿಕ್ಕಿತು, ವಿನಾಯಕನ ಪಟಕ್ಕೆ ಬೀಸಿ ಹೊಡೆದೆ. ಗಾಜು ಒಡೆಯಿತು. "ನಿಲ್ಸು, ಇಲ್ಲದಿದ್ರೆ ಕೊಂದ್ಹಾಕು. ಎರಡ್ರಲ್ಲಿ ಒಂದು ಬಾಯಿಬಿಟ್ಟು ಹೇಳು," ಎಂದು ಕಿರುಚಿದೆ. ಅದೇ ನನ್ನ ಪ್ರಾರ್ಥನೆ. ಅದಕ್ಕಿಂತ ಚಂದದ್ದು ಆಗ ಬಾಯಲ್ಲಿ ಇರಲಿಲ್ಲ.

ಬೆಳಿಗ್ಗೆ ಜ್ವರ ಇಳಿಯಿತು. ನಾನು ಇನ್ನು ಹೋಗುವುದಿಲ್ಲ ಎಂದು ನಮ್ಮವರಿಗೆ ಹೇಳಿದೆ. ಚೀಲ ಕಟ್ಟಲಿ, ಸತ್ತರೂ ಸರಿ, ನಾಲ್ಕನೆಯ ಸಲ ಮಾತ್ರ ಇಲ್ಲ. ಅವರು ಎದ್ದು ಮೀನು ಮಾರ್ಕೆಟಿಗೆ ಹೋದರು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ೧೯೯೭ರಲ್ಲಿ ಗಂಗೊಳ್ಳಿಯಲ್ಲಿ ಗಿರಿಜಾ ಎಂಬ ಮೀನು ಮಾರುವವಳ ಎಳೆಗೂಸಿಗೆ ಬಿಸಿಜಿ ಚುಚ್ಚಿದ್ದೆ. ತಿಂಗಳು ಕಳೆದು ತೋಳು ಕೆಂಪಾಗಿ ಹುಣ್ಣಾಗಿ ಕೀವು ಬಂತು. ಅದು ಆಗಲೇಬೇಕಾದದ್ದು. ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಅವಸರದಲ್ಲಿ ಹೇಳಿರಲಿಲ್ಲ. ಮುಂದಿನ ಗುರುವಾರ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಬಂದವಳೇ, "ನನ್ ಹೆಣ್ಣಿನ್ ಕೈ ಕೊಳ್ಸಿ ಹಾಕಿದ್ರಲ್ಲ," ಎಂದು ಎಲ್ಲರ ಎದುರು ನನ್ನ ಎಡಗೆನ್ನೆಗೆ ಹೊಡೆದಳು. ಕಿವಿ ಗುಂಯ್‌ಗುಟ್ಟಿತು, ಓಲೆ ಕಿತ್ತು ಬಿತ್ತು. ನಾನು ಅವಳ ಮಣಿಕಟ್ಟು ತಿರುಚಿ ಹಿಡಿದು ಹೇಳಿದೆ: "ಹುಣ್ಣ್ ಆಯ್ಲಿ. ಮುಟ್ಟುಕಾಗ, ಮುಲಾಮ್ ಹಚ್ಚುಕಾಗ. ಒಳ್ಗೆ ಜಗ್ಳ ಆತಾ ಇತ್ತ್, ಅದ್ ಆಯ್ಕೇ." ಒಳಗಿನ ಜಗಳ ಮುಗಿದ ಮೇಲೆ, ಮುಲಾಮಿಲ್ಲದೆ, ಹುಣ್ಣು ತಾನಾಗಿ ಒಣಗಿತು. ಆದರೆ ಆಮೇಲೆ ಹನ್ನೆರಡು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ನಾನಿರುವ ಬೀದಿಗೆ ಅವಳು ಬುಟ್ಟಿ ತರುತ್ತಿರಲಿಲ್ಲ.

ನಾಲ್ಕನೆಯ ಸಲದ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಬಾಗಿಲು ಒಡೆಯುವ ಹಾಗೆ ಬಡಿದರು.

"ಹ್ವಾಯ್ ನರ್ಸಮ್ಮ, ಬಾಗ್ಲ್ ತೆಗಿನಿ."

ಗಿರಿಜಾ. ಬುಟ್ಟಿ ಇರಲಿಲ್ಲ. ನೇರ ಒಳಗೆ ಬಂದು ಮಂಚದ ಎದುರು ನಿಂತಳು. ನಾಳೆ ಹೋಗುವುದಿಲ್ಲವಂತೆ ಹೌದೋ ಎಂದಳು.

"ನನ್ ಹೆಣ್ಣಿಗ್ ಒಂದ್ ನ್ಯಾಯ, ನಿಮ್ಗ್ ಒಂದ್ ನ್ಯಾಯವಾ? ಹುಣ್ಣ್ ಆಯ್ಲಿ, ಮುಟ್ಟುಕಾಗ, ಒಳ್ಗೆ ಜಗ್ಳ ಆಯ್ಕ್ ಅಂದೇಳಿ ಆವತ್ತ್ ಹೇಳದ್ದ್ ಯಾರ್?"

"ನನ್ನತ್ರ ಆತಿಲ್ಲೆ ಗಿರಿಜಾ."

"ಎರ್ಡ್ ತಿಂಗ್ಳಿನ್ ಹೆಣ್ಣ್ ತಡ್ಕಂತ್. ಅರ್ವತ್ ವರ್ಷದವ್ರಿಗ್ ಆತಿಲ್ಯಾ?"

ನನ್ನ ಮಣಿಕಟ್ಟು ಹಿಡಿದು ಎಳೆದು ಕೂರಿಸಿದಳು. ಅದೇ ಹಿಡಿತ, ನಾನು ಅವಳಿಗೆ ಕಲಿಸಿದ್ದು. ಎದುರಿಗೆ ಗಾಜು ಒಡೆದ ಪಟ. ಬಾಯಿಬಿಟ್ಟು ಹೇಳು ಎಂದು ಕೇಳಿದವಳು ನಾನು. ಅವನು ನನ್ನದೇ ಮಾತನ್ನು ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿಸಿದ್ದ.

ಮಾರ್ಕೆಟಿನಲ್ಲಿ ಗಿರಿಜಾಗೆ ವಿಷಯ ಹೇಳಿದ್ದು ನಮ್ಮವರು ಎಂಬುದು ನನಗೆ ಗೊತ್ತು. ಅಷ್ಟು ಮೀನಿನವರಿರುವಾಗ ಇವರು ಅವಳ ಮುಂದೆಯೇ ಹೋಗಿ ಅತ್ತದ್ದು ಯಾಕೆಂದು ಇವರಿಗೂ ಗೊತ್ತಿಲ್ಲ.

ಮರುದಿನ ಬಸ್ಸಿನಲ್ಲಿ ಗಿರಿಜಾ ಪಕ್ಕದಲ್ಲಿ ಕೂತಿದ್ದಳು. ವಿನಾಯಕನ ಗುಡಿಯಿರುವ ಕುಂಭಾಶಿ ಬಂದಾಗ ಇಬ್ಬರೂ ಕೈ ಮುಗಿದೆವು. ಮೂತ್ರದಲ್ಲಿ ರಕ್ತ ಪೂರ್ತಿ ನಿಂತಿರಲಿಲ್ಲವಾದ್ದರಿಂದ ಡಾಕ್ಟರು ಆ ದಿನ ಔಷಧಿ ಬಿಡದೆ ಒಂದು ವಾರ ಮುಂದೆ ಹಾಕಿದರು. ನಾನು ಜ್ವರ ಬರೆದಿಟ್ಟಿದ್ದ ಪುಸ್ತಕ ನೋಡಿ, ಒಂದೇ ದಿನದಲ್ಲಿ ಇಳಿದಿದೆ, ಹೆದರಬೇಡಿ ಎಂದರು. ಉಳಿದ ಮೂರೂ ಸಲ ನಡುಕ ಬಂತು, ವಾಪಸು ಬರುವಾಗ ಬಸ್ಸು ಬ್ರಹ್ಮಾವರ ದಾಟುವ ಮೊದಲೇ ಶುರುವಾದದ್ದೂ ಇದೆ. ಗಿರಿಜಾ ನನ್ನನ್ನು ಅವುಚಿ ಹಿಡಿದು, ಕಂಡಕ್ಟರನಿಗೆ ಬೈದು, ಬಸ್ಸು ನಿಲ್ಲಿಸಿ ಇಳಿಸುತ್ತಿದ್ದಳು. ಒಳಗೆ ಕೊಲೆ ನಡೆಯುತ್ತಿತ್ತು. ನಡೆಯಲಿ ಎಂದು ಹಲ್ಲು ಕಚ್ಚಿದೆ.

ಡಿಸೆಂಬರಿನಲ್ಲಿ ನಳಿಗೆ ಹಾಕಿ ನೋಡಿದರು. ಪರದೆಯಲ್ಲಿ ನನಗೂ ತೋರಿಸಿದರು. ಗೋಡೆ ಕೆಂಪಾಗಿತ್ತು, ಗಡ್ಡೆಯ ಗುರುತಿರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲೂ ಏನೂ ಸಿಗಲಿಲ್ಲ. ಆಮೇಲೂ ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗಿದ್ದೇನೆ. ಇದನ್ನು ಬರೆಯುತ್ತಿರುವುದು ೨೦೧೪ರಲ್ಲಿ. ಚೀಲ ಕಟ್ಟಲಿಲ್ಲ.

ಪಟಕ್ಕೆ ಹೊಸ ಗಾಜು ಹಾಕಿಸಿಲ್ಲ. ಡಾಕ್ಟರ ಔಷಧಿಯನ್ನೂ ಅವನ ಕೃಪೆಯನ್ನೂ ನಾನು ಬೇರೆ ಬೇರೆ ಮಾಡಿ ನೋಡುವುದಿಲ್ಲ. ನನ್ನೊಳಗೆ ಆ ಕಾವಲನ್ನು ಇಟ್ಟವನು ಅವನು, ಎದ್ದ ಕಾವಲನ್ನು ನಾನೇ ತಡೆಯಹೋದಾಗ ಕೈ ಹಿಡಿದವನೂ ಅವನು. ಪ್ರತಿ ಸಂಕಷ್ಟಿಗೆ ಗಿರಿಜಾ ಜೊತೆ ಕುಂಭಾಶಿಗೆ ಹೋಗುತ್ತೇನೆ. ಅವನೆದುರು ಎಲ್ಲರಂತೆ ತಪ್ಪಾಯಿತೆಂದು ಎರಡೂ ಕೆನ್ನೆಗೆ ಬಡಿದುಕೊಳ್ಳುತ್ತೇನೆ. ಎಡಗೆನ್ನೆಗೆ ಒಂದು ಪೆಟ್ಟು ಹೆಚ್ಚು. ಪಕ್ಕದಲ್ಲಿ ನಿಂತ ಗಿರಿಜಾ ಅದನ್ನು ಕಂಡು ಮುಖ ತಿರುಗಿಸಿ ನಗುತ್ತಾಳೆ.