ಶ್ರೀಲಂಕೆಯ ರೈಲಿನಲ್ಲಿ ಅವ್ವನ ಪೂಜೆ

ಶ್ರೀಲಂಕೆಗೆ ಹೋದ ಕೆಲವೇ ದಿನಗಳಲ್ಲಿ ನನಗೂ ಅವ್ವನಿಗೂ ಸರಿಯಾಗಿ ಮಾತಿಲ್ಲದಂತಾಗಿತ್ತು. ನನಗೆ ಎಲ್ಲಾ ನೋಡಬೇಕು: ಕಡಲು, ಚಹಾ ತೋಟ, ಬುದ್ಧನ ಗುಡಿ, ಉತ್ತರದ ತಮಿಳರ ಊರು. ಒಂದು ಕಡೆ ಕೂತರೆ ಇನ್ನೊಂದು ತಪ್ಪೀತೆಂಬ ಚಡಪಡಿಕೆ. ಅವ್ವನಿಗೆ ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆಯಾಗಬೇಕು. ಅದಾಗದೆ ಒಂದು ತುತ್ತೂ ಮುಟ್ಟುವುದಿಲ್ಲ. ಊರಲ್ಲಿ, ಉಣಕಲ್ಲಿನ ನಮ್ಮ ಮನೆಯಲ್ಲಿ, ಆ ಹೊತ್ತಿಗೆ ಅವಳ ಸೆರಗನ್ನೂ ಯಾರೂ ಸೋಕುವಂತಿಲ್ಲ.

ಕ್ಯಾಂಡಿಯಿಂದ ಬೆಟ್ಟಕ್ಕೆ ಹೋಗುವ ರೈಲು ತಪ್ಪೀತೆಂದು ಆ ಬೆಳಿಗ್ಗೆ ನಾನು ಅವಳಿಗೆ ಶುಗರಿನ ಗುಳಿಗೆ ನುಂಗಿಸಿ, ಅವಸರದಲ್ಲಿ ಹೊರಡಿಸಿದೆ. ರೈಲಿನಲ್ಲಿ ಕಡಕ್ ರೊಟ್ಟಿಯ ಡಬ್ಬಿ ಬಿಚ್ಚಿದರೆ, "ಪೂಜಿ ಆಗಿಲ್ಲಲ್ಲ" ಎಂದಳು.

"ಇಲ್ಲೇ ಮಾಡ್ಕೊ ಬೇ."

"ಈ ವಾಸನ್ಯಾಗ?"

ಎದುರಿಗೆ ಬಿಳಿ ಸೀರೆಯ ಸಿಂಹಳ ಅಜ್ಜಿಯೊಬ್ಬಳು ಒಣಮೀನಿನ ಅನ್ನ ಉಣ್ಣುತ್ತಿದ್ದಳು. ಪಕ್ಕದಲ್ಲಿ ಬುದ್ಧ ವಿಹಾರಕ್ಕೆ ಒಯ್ಯುವ ತಾವರೆಗಳ ಬುಟ್ಟಿ.

ಗುಳಿಗೆ ಹೊಟ್ಟೆಯಲ್ಲಿ, ರೊಟ್ಟಿ ಡಬ್ಬಿಯಲ್ಲಿ. ಅವ್ವನ ಹಣೆ ಬೆವರತೊಡಗಿತು. ನಾನು ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಬೈದೆ. ಬಿಸ್ಕೀಟು ಬಾಯಿಗೆ ಹಿಡಿದೆ, ಮುಖ ತಿರುವಿದಳು. ಮತ್ತೆ ಬಾಗಿಲಿಗೇ ಹೋಗಿ ಸರಳು ಹಿಡಿದು ನಿಂತೆ. ಹೊರಗೆ ಬೆಟ್ಟವೆಲ್ಲ ಹಸಿರಾಗಿತ್ತು. ಆ ಹಸಿರಿನ ಮೇಲೂ ನನಗೆ ಸಿಟ್ಟು ಬಂತು.

ಅವ್ವ ಮತ್ತೆ ಮತ್ತೆ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಳ್ಳುವುದನ್ನು ಕಂಡು ಅಜ್ಜಿಗೆ ಏನು ತಿಳಿಯಿತೋ, ಊಟ ಕಟ್ಟಿಟ್ಟು, ಕೈ ತೊಳೆದು ಬಂದು ಒಂದು ತಾವರೆ ಮುಂದೆ ಹಿಡಿದಳು. ಅವ್ವ ಹೂವನ್ನು ನೋಡಿದಳು, ಅವಳನ್ನು ನೋಡಿದಳು. ಆಮೇಲೆ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಳು.

ಶುಗರ್ ಇಳಿದು ಕೈ ನಡುಗುತ್ತಿತ್ತು. ರೈಲು ಬೇರೆ ಓಲಾಡುತ್ತಿತ್ತು. ಲಿಂಗ ಇನ್ನೇನು ಜಾರಬೇಕು, ಅಜ್ಜಿ ಮುಂದೆ ಬಾಗಿ ಅವ್ವನ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟಳು. ಅವ್ವ ಕೊಸರಿಕೊಳ್ಳಲಿಲ್ಲ. ನೀರು ಹಾಕಿದಳು, ವಿಭೂತಿ ಹಚ್ಚಿದಳು, ತಾವರೆಯ ಎಸಳು ಏರಿಸಿದಳು. ಅಷ್ಟು ಹೊತ್ತೂ ಕೆಳಗಿನ ಕೈ ಅಲ್ಲೇ ಇತ್ತು.

ಪೂಜೆ ಮುಗಿದ ಮೇಲೆ ಅವ್ವ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ಅರ್ಧ ಅಜ್ಜಿಗೆ ಕೊಟ್ಟು ಅರ್ಧ ತಾನು ತಿಂದಳು. ಹಣೆಯ ಬೆವರು ಆರಿತು.

"ಎಷ್ಟೊತ್ತು ನಿಂದರ್ತಿ? ಕೂಡು" ಎಂದಳು ನನಗೆ.

ನಾನು ಕೂಡಲಿಲ್ಲ. ಹೊಟ್ಟೆಕಿಚ್ಚಾಗಿತ್ತು. ಚಿಕ್ಕಂದಿನಿಂದ ಮುಟ್ಟಬಾರದೆಂದು ದೂರ ನಿಂತೇ ನೋಡಿದ ಕೈ ಅವ್ವನದು. ಲಿಂಗ ಜಾರುವುದು ಕಂಡಾಗಲೂ ನನ್ನ ಕೈಗಳೆರಡೂ ಬಾಗಿಲಿನ ಸರಳು ಹಿಡಿದುಕೊಂಡೇ ಇದ್ದವು.